ಗೃಹಸ್ಥಾನಾಂತರ ಮೀಮಾಂಸೆ

ಸಂಸಾರವೊಂದು ಒಂದು ಬಾಡಿಗೆ ಮನೆಯನ್ನು ಖಾಲಿ ಮಾಡಿ, ಸಾಮಾನು ಸರಂಜಾಮುಗಳ ಸಮೇತ ಇನ್ನೊಂದು ಬಾಡಿಗೆ ಮನೆಯಲ್ಲಿ ನೆಲೆಗೊಳ್ಳುವ ಕ್ರಿಯೆಯನ್ನು ಗೃಹಸ್ಥಾನಾಂತರವೆಂದೂ, ಬೆಂಗಳೂರಿನ ವ್ಯವಹಾರದಲ್ಲಿ ಶಿಫ್ಟಿಂಗ್ ಎಂದೂ ಕರೆಯಲಾಗುತ್ತದೆ. ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯು ನೋಂದಣಿಯನ್ನು ಕಡ್ಡಾಯಗೊಳಿಸಿರುವುದರಿಂದ, ಬಾಡಿಗೆ ಕರಾರುಗಳನ್ನು 11 ತಿಂಗಳಿಗೇ ನಿಲ್ಲಿಸುವ ಸಂಪ್ರದಾಯ ಬೆಳೆದು, ಈ ಕ್ರಿಯೆಯು ಆಷಾಢ ಮಾಸವೊಂದನ್ನು ಬಿಟ್ಟು ಉಳಿದೆಲ್ಲ ಕಾಲದಲ್ಲಿ ನಡೆಯುತ್ತಲೇ ಇರುತ್ತದೆ.

ಈ ವಿಷಯದಲ್ಲಿ ಕನ್ನಡ ನಾಡಿನ ಮಹಾ ಪೂರ್ವನಿದರ್ಶನವು 1565ರದು. ತಾಳಿಕೋಟೆಯ ಸೋಲಿನ ನಂತರ ತಿರುಮಲರಾಯನು ವಿಜಯನಗರದ ಅರಮನೆಯನ್ನು ತೊರೆದು ಪೆನುಕೊಂಡೆಯತ್ತ ಹೊರಟಾಗ, ಭಂಡಾರವನ್ನೂ ರತ್ನಖಚಿತ ಸಿಂಹಾಸನವನ್ನೂ 550 ಆನೆಗಳ ಮೇಲೆ ಸಾಗಿಸಲಾಯಿತೆಂದು ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬರೆದಿದ್ದಾರೆ. ವಾಹನಗಳಿಗೆ ಕೊರತೆಯಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಆದರೆ ಯಾವ ಆನೆಯ ಮೇಲೆ ಯಾವ ಪೆಟ್ಟಿಗೆ ಎಂಬ ಪಟ್ಟಿಯ ಬಗ್ಗೆಯಾಗಲಿ, ಇಳಿಸಿಕೊಂಡವರ ಸಹಿಯ ಬಗ್ಗೆಯಾಗಲಿ ಅವರು ಏನನ್ನೂ ಹೇಳದಿರುವುದರಿಂದ, ಮೈಸೂರಿನ ಸಿಂಹಾಸನವು ಪೆನುಕೊಂಡೆಯಿಂದ ಬಂದದ್ದೇ ಎಂಬ ಪ್ರಶ್ನೆಗೆ ವಿದ್ವಾಂಸರು ಐತಿಹ್ಯವನ್ನೇ ಅವಲಂಬಿಸಬೇಕಾಗಿದೆ. ಇಂದಿನ ಸಣ್ಣ ಸಂಸಾರಕ್ಕೆ 2005ರಲ್ಲಿ ಬಂದ, ಜನರು ಛೋಟಾ ಹಾಥಿ ಎನ್ನುವ ಟಾಟಾ ಏಸ್ ಒಂದೇ ಸಾಕಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೂ ಪಟ್ಟಿಯಲ್ಲಿ ಕ್ರಮಸಂಖ್ಯೆ ಇರುತ್ತದೆ.

ಪ್ಯಾಕರ್ಸ್ ಅಂಡ್ ಮೂವರ್ಸ್ ಎನಿಸಿಕೊಂಡ ವೃತ್ತಿಪರ ಸಂಸ್ಥೆಗಳ ಪ್ರಥಮ ಪ್ರಯೋಜನವು ಸ್ಮೃತಿಶೂನ್ಯತೆ, ಅಂದರೆ ಕಟ್ಟುವವನಿಗೂ ಕಟ್ಟಿಸಿಕೊಳ್ಳುವ ವಸ್ತುವಿಗೂ ಹಿಂದಿನ ಯಾವ ಸಂಬಂಧವೂ ಇಲ್ಲದಿರುವಿಕೆ. ಯಜಮಾನನು ತಾನೇ ಕಟ್ಟಲು ಕುಳಿತರೆ ಬೀರುವಿನ ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯನ್ನು ಎತ್ತಿಕೊಂಡು, ಎಂದೋ ಮುಗಿದುಹೋದ ಚುನಾವಣೆಯ ಫಲಿತಾಂಶವನ್ನು ಕುತೂಹಲದಿಂದ ಓದತೊಡಗುತ್ತಾನೆ. ಯಜಮಾನಿಯು ಟ್ರಂಕಿನಿಂದ ದಸರಾ ಬೊಂಬೆಗಳನ್ನು ತೆಗೆದು, ಪಟ್ಟದ ಬೊಂಬೆಯ ಮೂಗು ಯಾವ ವರ್ಷ, ಯಾರ ಮಗನಿಂದ ಮುಕ್ಕಾಯಿತೆಂಬ ವಿಚಾರಣೆಯನ್ನು ಮತ್ತೆ ತೆರೆಯುತ್ತಾಳೆ. ಸಂಜೆಯಾದರೂ ಒಂದು ರಟ್ಟಿನ ಪೆಟ್ಟಿಗೆ ತುಂಬಿರುವುದಿಲ್ಲ. ಸಂಸ್ಥೆಯ ಹುಡುಗರಾದರೋ ಅದೇ ಬೊಂಬೆಯನ್ನು ಬಬಲ್ ರ್‍ಯಾಪಿನಲ್ಲಿ ಸುತ್ತಿ, ಕಂದು ಟೇಪನ್ನು ಚರ್ರೆಂದು ಎಳೆದು ಹಲ್ಲಿನಲ್ಲೇ ಕಚ್ಚಿ ತುಂಡರಿಸಿ, ಸ್ಕೆಚ್ ಪೆನ್ನಿನಲ್ಲಿ 'ಹಾಲ್ 4' ಎಂದು ಗೀಚಿ ಮುಂದಿನದಕ್ಕೆ ಕೈಹಾಕುತ್ತಾರೆ. ಈ ನಿರ್ಲಿಪ್ತತೆಯು ಪರಿಪಕ್ವಗೊಂಡಾಗ ಕಸದ ಬುಟ್ಟಿಯು ಒಳಗಿನ ಈರುಳ್ಳಿ ಸಿಪ್ಪೆಯ ಸಮೇತ ಅಚ್ಚುಕಟ್ಟಾಗಿ ಪ್ಯಾಕಾಗಿ ಹೊಸ ಮನೆಗೆ ಬರುವುದುಂಟು. ಅದನ್ನು ದೋಷವೆನ್ನದೆ ಸಮದೃಷ್ಟಿಯ ಸಿದ್ಧಿಯೆಂದೇ ಪರಿಗಣಿಸತಕ್ಕದ್ದು. ಫ್ರಿಜ್ಜನ್ನು ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು, ಇಳಿಸಿದ ಮೇಲೆ ಕೆಲವು ಗಂಟೆ ಚಾಲೂ ಮಾಡಬಾರದು ಎಂಬಂಥ ಜ್ಞಾನವೂ ಅವರಿಗಿರುತ್ತದೆ, ಆದರೆ ಉಪಯುಕ್ತ ಸಂಗತಿಗಳಿಗೆ ಇಂತಹ ಪ್ರಬಂಧದಲ್ಲಿ ಹೆಚ್ಚು ಅವಕಾಶವಿಲ್ಲ.

ಸ್ನೇಹಿತರಿಗೆ ಮಸಾಲೆ ದೋಸೆ ಕೊಡಿಸಿ ಕೆಲಸ ಮುಗಿಸಿಕೊಳ್ಳುವ ಪ್ರಾಚೀನ ಪದ್ಧತಿಯು ಅಗ್ಗವೆಂದು ತೋರುತ್ತದಾದರೂ, ಅವರಲ್ಲಿ ಪ್ರತಿಯೊಬ್ಬರ ಕಬ್ಬಿಣದ ಬೀರುವನ್ನೂ ಒಂದಲ್ಲ ಒಂದು ಭಾನುವಾರ ಲಿಫ್ಟಿಲ್ಲದ ಮೂರನೆಯ ಮಹಡಿಗೆ ಹೊರಬೇಕಾದ ಋಣವು ಅದರಲ್ಲಿ ಅಡಗಿದೆ.

ಎಲ್ಲಕ್ಕಿಂತ ಮಿಗಿಲಾದದ್ದು ದೋಷಸಂಕ್ರಮಣ, ಅಂದರೆ ಒಡೆದುದರ ಅಪರಾಧವು ಮನೆಯೊಳಗಿನವರಿಂದ ಹೊರಗಿನವರಿಗೆ ವರ್ಗವಾಗುವುದು. ತವರಿನಿಂದ ಬಂದ ಉಪ್ಪಿನಕಾಯಿ ಭರಣಿಯನ್ನು ಗಂಡನೇ ಬೀಳಿಸಿದರೆ ಅದು ಮುಂದಿನ ಪ್ರತಿಯೊಂದು ಜಗಳದಲ್ಲಿಯೂ ಹೊಸದಾಗಿ ಒಡೆಯುತ್ತಲೇ ಇರುತ್ತದೆ. ಸಂಸ್ಥೆಯವರು ಬೀಳಿಸಿದರೆ, ಮದುವೆಯ ಛತ್ರದ ಊಟದ ಬಗ್ಗೆಯೂ ಇನ್ನೂ ಒಮ್ಮತಕ್ಕೆ ಬಾರದ ದಂಪತಿಗಳು ಒಂದೇ ದನಿಯಲ್ಲಿ ಸೂಪರ್‌ವೈಸರನಿಗೆ ಫೋನ್ ಮಾಡುತ್ತಾರೆ. ರಸ್ತೆ ಮೂಲಕ ಸರಕು ಸಾಗಣೆಯ ಕುರಿತಾದ 2007ರ ಕಾಯ್ದೆಯು ಸಾಗಣೆದಾರನು ರಸೀದಿ ಕೊಡಬೇಕೆಂದೂ ನಷ್ಟಕ್ಕೆ ಹೊಣೆಯಾಗಬೇಕೆಂದೂ ವಿಧಿಸಿರುವುದರಿಂದ ಈ ದಾಂಪತ್ಯ ಸಾಮರಸ್ಯಕ್ಕೆ ಶಾಸನದ ಬೆಂಬಲವೂ ಇದೆಯೆನ್ನಬೇಕು. ಪರಿಹಾರದ ಹಣ ಬರುವುದೋ ಬಿಡುವುದೋ ಗೌಣ ವಿಚಾರ.

ಸಂಸ್ಥೆಗಳು ಮುಟ್ಟದ ವಸ್ತುಗಳೂ ಇವೆ. ಗ್ಯಾಸ್ ಸಿಲಿಂಡರು ಬೆಂಕಿಯ ಭಯದಿಂದ ಹೊರಗುಳಿಯುತ್ತದೆ. ದೇವರ ಪಟವೂ ತುಳಸಿ ಗಿಡವೂ ಆಟೋದಲ್ಲಿ ಅಜ್ಜಿಯ ತೊಡೆಯ ಮೇಲೆ ಹೋಗುತ್ತವೆ. ಹಾಲುಕ್ಕಿಸುವ ಪಾತ್ರೆಯೂ ಆ ಆಟೋದಲ್ಲೇ ಹೋಗತಕ್ಕದ್ದೆಂಬುದು ನಿಯಮ. ಆದರೆ ಹುಡುಗರು ಅದನ್ನು 'ಕಿಚನ್ 7'ರ ತಳಕ್ಕಿಳಿಸಿ ಟೇಪು ಹಚ್ಚಿಯಾಗಿರುತ್ತದೆ, ಗಾಡಿಯು ಸಿಲ್ಕ್ ಬೋರ್ಡಿನ ಹತ್ತಿರ ನಿಂತಿರುತ್ತದೆ, ಸೋಮವಾರವಾದರೆ ಬೆಳಿಗ್ಗೆ ಏಳೂವರೆಗೆ ರಾಹುಕಾಲ ಶುರುವಾಗುತ್ತದೆ. ಆಗ ಹತ್ತಿರದ ಪಾತ್ರೆ ಅಂಗಡಿಯ ಬಾಗಿಲು ತೆಗೆಸಿ ಹೊಸದೊಂದನ್ನು ಕೊಳ್ಳುವುದೇ ರೂಢಿಯಾಗಿರುವುದರಿಂದ, ಸಂಸಾರವೊಂದು ಈವರೆಗೆ ಎಷ್ಟು ಮನೆ ಬದಲಿಸಿದೆ ಎಂಬುದನ್ನು ಮನೆಯವರನ್ನು ಕೇಳದೆಯೇ, ಅಡುಗೆಮನೆಯ ಅಟ್ಟದ ಮೇಲೆ ಒಂದರೊಳಗೊಂದು ಕೂತ ಹಾಲಿನ ಪಾತ್ರೆಗಳನ್ನು ಎಣಿಸಿ ನಿರ್ಧರಿಸಬಹುದು.