ಅಪ್ರದಕ್ಷಿಣೆ

ಅರವತ್ತೆಂಟು ವರ್ಷ ದೇವಸ್ಥಾನ ಸುತ್ತಿದ ಕಾಲು ನನ್ನದು. ದೇವರು ಬಲಗಡೆ, ಉಳಿದ ಭಕ್ತರು ಎಡಗಡೆ. ಅದಕ್ಕೆ ಗೊತ್ತಿರುವ ಭೂಗೋಳ ಇಷ್ಟೇ. ಇಂಥ ಕಾಲನ್ನು ಅಮೆರಿಕದ ಹುಲ್ಲಿನ ಕೊಟ್ಟಿಗೆಯೊಂದರಲ್ಲಿ ಕುಣಿಯಲು ಬಿಟ್ಟರೆ ಏನಾಗಬೇಕೋ ಅದೇ ಆಯಿತು.

ಮಗಳಿರುವುದು ಅಯೋವಾದಲ್ಲಿ. ಕಿಟಕಿ ತೆಗೆದರೆ ಮುಸುಕಿನ ಜೋಳ, ಕಾರು ಹತ್ತಿದರೂ ಮುಸುಕಿನ ಜೋಳ. ಶನಿವಾರ ಸಂಜೆ ನೆರೆಯವರು ಸ್ಕ್ವೇರ್ ಡಾನ್ಸಿಗೆ ಕರೆದರು. "ಅಪ್ಪ, ಕೈ ಹಿಡ್ಕೊಂಡು ನಡೆಯೋದು ಅಷ್ಟೆ, ಬನ್ನಿ" ಎಂದಳು. ನನ್ನ ಕುಣಿತದ ಚರಿತ್ರೆ ಅವಳಿಗೆ ತಿಳಿಯದು. ಮಿಡ್ಲ್ ಸ್ಕೂಲಿನ ಕೋಲಾಟದಲ್ಲಿ ಎದುರಿನವನ ಕೋಲು ತಪ್ಪಿಸಿ ಅವನ ಹೆಬ್ಬೆರಳಿಗೇ ಬಾರಿಸಿದ ಮೇಲೆ ಮೇಷ್ಟರು ನನ್ನ ಕೈಗೆ ತಾಳ ಕೊಟ್ಟು ಮೂಲೆಯಲ್ಲಿ ಕೂರಿಸಿದ್ದರು.

ನಾಲ್ಕು ಜೋಡಿ, ನಾಲ್ಕು ದಿಕ್ಕಿಗೆ ಮುಖಾಮುಖಿ. ವೇದಿಕೆಯ ಮೇಲೆ ‘ಕಾಲರ್’ ಎಂಬಾತ ನಿಂತು ಪಿಟೀಲಿನ ಲಯಕ್ಕೆ ಸರಿಯಾಗಿ ಈಗ ಏನು ಮಾಡಬೇಕು ಎಂದು ಕೂಗುತ್ತಾನೆ. ನಮ್ಮ ಪುರೋಹಿತರು ಮಂತ್ರದ ನಡುವೆಯೇ, ಅದೇ ರಾಗದಲ್ಲಿ, "ಅಕ್ಷತೆ ತಗೊಳ್ಳಿ, ಬಲಗೈ, ಬಲಗೈ" ಎಂದು ತೂರಿಸುತ್ತಾರಲ್ಲ, ಹಾಗೆ. ‘ಡೊ-ಸಿ-ಡೊ’ ಎಂದ. ಹಸಿದಿದ್ದ ನನ್ನ ಕಿವಿಗೆ ಅದರಲ್ಲಿ ದೋಸೆ ಮಾತ್ರ ಕೇಳಿಸಿತು. ಬೆನ್ನಿಗೆ ಬೆನ್ನು ಎಂಬರ್ಥದ ಫ್ರೆಂಚ್ ಮಾತು ಹಳ್ಳಿಯವರ ಬಾಯಲ್ಲಿ ಸವೆದು ಹೀಗಾಗಿದೆಯಂತೆ. ಎದುರಿನವರ ಬೆನ್ನ ಹಿಂದೆ ಬಳಸಿ, ಮುಟ್ಟದೆ, ಸ್ವಸ್ಥಾನಕ್ಕೆ ಮರಳಬೇಕು. ಮಡಿಯುಟ್ಟವರಿಗೂ ಒಪ್ಪುವ ನೃತ್ಯ ಎಂದುಕೊಂಡೆ.

ಆಮೇಲೆ ‘ಪ್ರಾಮನೇಡ್’ ಬಂತು. ಜೋಡಿಗಳೆಲ್ಲ ಕೈಹಿಡಿದು ಸುತ್ತು ಬರಬೇಕು. ಅದಕ್ಕೇನಂತೆ, ಅದು ನನ್ನ ಕ್ಷೇತ್ರವೇ. ಹೆಂಡತಿಯ ಕೈ ಎಳೆದುಕೊಂಡು ಸಾಕ್ಷಾತ್ ಪ್ರದಕ್ಷಿಣೆ ಹೊರಟೆ. ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಆರೂವರೆ ಅಡಿಯ ರೈತನೊಬ್ಬನ ಎದೆಗೆ ನನ್ನ ಮೂಗು ತಾಗಿತು. ಈ ಜನ ಸುತ್ತುವುದು ಅಪ್ರದಕ್ಷಿಣೆ! ಎಲ್ಲರೂ ನಕ್ಕರು, ಆತ ನನ್ನ ಕನ್ನಡಕ ಎತ್ತಿಕೊಟ್ಟ. ಎರಡನೆಯ ಸಲವೂ ಕಾಲು ತನ್ನ ಧರ್ಮ ಬಿಡಲಿಲ್ಲ. ಮೂರನೆಯ ಸಲಕ್ಕೆ ನಾನೇ ಹೋಗಿ ಹುಲ್ಲಿನ ಕಟ್ಟಿನ ಮೇಲೆ ಕೂತೆ. ಹೆಂಡತಿ ಕೂರಲಿಲ್ಲ. ಆ ರೈತನ ಜೋಡಿಯಾಗಿ, ಸೆರಗು ಸಿಕ್ಕಿಸಿಕೊಂಡು ಮುಂದುವರಿದಳು.

ಕೂತವನಿಗೆ ತಲೆ ಓಡುತ್ತದೆ. ನನ್ನನ್ನು ಕೂರಿಸಿದ ಈ ಪಿಟೀಲಿದೆಯಲ್ಲ, ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಅದಕ್ಕೆ ‘ಸೈತಾನನ ಪೆಟ್ಟಿಗೆ’ ಎಂದೇ ಹೆಸರು. ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಸಭೆಗಳ ಹಿರಿಯರಿಗೆ ಕುಣಿತ ಎಂದರೆ ಪಾಪ. ಹಾಗೆಂದು ಹರೆಯದ ಹುಡುಗ ಹುಡುಗಿಯರು ಚಳಿಗಾಲವಿಡೀ ಜೋಳದ ಕಡ್ಡಿ ನೋಡುತ್ತ ಕೂರುತ್ತಾರೆಯೇ? ಏಕಾದಶಿಗೆ ನಮ್ಮಜ್ಜಿ ಮಾಡುತ್ತಿದ್ದುದನ್ನೇ ಅವರೂ ಮಾಡಿದರು. ಅಜ್ಜಿಯ ಉಪವಾಸದಲ್ಲಿ ಅನ್ನ ಒಂದು ಬಿಟ್ಟು ಅವಲಕ್ಕಿ, ಉಪ್ಪಿಟ್ಟು, ರಸಾಯನ ಎಲ್ಲ ಇರುತ್ತಿತ್ತು. ಹೊಟ್ಟೆ ತುಂಬಿ ತೇಗಿದ ಮೇಲೂ ಅದು ನಿರಾಹಾರವೇ. ಇವರು ಪಿಟೀಲೊಂದನ್ನು ಬಿಟ್ಟರು. ತಾವೇ ಹಾಡಿದರು, ಕೈ ತಟ್ಟಿದರು, ಕಾಲು ಕುಟ್ಟಿದರು. ಜೊತೆಯವಳನ್ನು ತಿರುಗಿಸುವಾಗ ಸೊಂಟ ಬಳಸದೆ ಕೈ ಹಿಡಿದರು. ಇದು ಕುಣಿತವಲ್ಲ, ಆಟ! ಹೆಸರು ‘ಪ್ಲೇ ಪಾರ್ಟಿ’. ಹಿರಿಯರು ಕಣ್ಣಾರೆ ನೋಡಿ, ಹೌದಪ್ಪ, ಆಟವೇ ಎಂದರು. ಒಂದು ಕಾಲಕ್ಕೆ ಅವರೂ ಇದೇ ಆಟ ಆಡಿ ಮದುವೆಯಾದವರು ತಾನೆ?

ಅವುಗಳಲ್ಲಿ ‘ಸ್ಕಿಪ್ ಟು ಮೈ ಲೂ’ ಎಂಬುದು ಈಗ ಶಿಶುವಿಹಾರದ ಹಾಡಾಗಿ ಕೂತಿದೆ. ಅಸಲಿಗೆ ಅದು ಹಾಡಹಗಲ ಕಳ್ಳತನ. ಜೋಡಿಗಳು ಸುತ್ತ ನಿಂತಿರುತ್ತವೆ, ನಡುವೆ ಒಬ್ಬ ಒಂಟಿ ಹುಡುಗ. ಎಲ್ಲರೂ ಹಾಡುತ್ತಿರುವಾಗ ಅವನು ಯಾರದೋ ಜೊತೆಗಾತಿಯನ್ನು ಎಗರಿಸಿಕೊಂಡು ಹೋಗುತ್ತಾನೆ. ಕಳೆದುಕೊಂಡವನು ಇನ್ನೊಬ್ಬನಿಂದ ಕದಿಯಬೇಕು. ‘ಲೂ’ ಎಂದರೆ ಸ್ಕಾಟ್ಲೆಂಡಿನ ಮಾತಿನಲ್ಲಿ ಪ್ರೀತಿ. ಜೋಳ ಸುಲಿಯುವ ಕೂಟಗಳಲ್ಲಿ ಇನ್ನೂ ಒಂದು ಅನುಕೂಲವಿತ್ತು: ಕೆಂಪು ಕಾಳಿನ ತೆನೆ ಸಿಕ್ಕಿದವನಿಗೆ ಒಂದು ಮುತ್ತು ಕೊಡುವ ಹಕ್ಕು. ಹೋದ ವರ್ಷದ ಕೆಂಪು ತೆನೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದವನು ಒಬ್ಬನೂ ಇರಲಿಲ್ಲವೆಂದರೆ ನಾನಂತೂ ನಂಬೆ.

ಬಿ. ಎ. ಬಾಟ್ಕಿನ್ ಎಂಬ ವಿದ್ವಾಂಸರು ಒಕ್ಲಹೋಮಾದ ಈ ಆಟಗಳನ್ನೆಲ್ಲ ಕೂಡಿಹಾಕಿ 1937ರಲ್ಲಿ ಪುಸ್ತಕ ತರುವ ಹೊತ್ತಿಗೆ ಆಟ ಹಳತಾಗಿತ್ತು. ಕಾರು ಬಂದಿತ್ತು, ಪಟ್ಟಣದ ಸಿನಿಮಾ ಹತ್ತಿರವಾಗಿತ್ತು. ತಮಾಷೆ ಎಂದರೆ, ಮನೆಮನೆಗೂ ಕಾರು ನುಗ್ಗಿಸಿದ ಹೆನ್ರಿ ಫೋರ್ಡರೇ ಅಜ್ಜನ ಕಾಲದ ಕುಣಿತ ಹೋಯಿತಲ್ಲ ಎಂದು ಪರಿತಪಿಸಿ, ನೃತ್ಯದ ಮೇಷ್ಟರೊಬ್ಬರನ್ನು ಡಿಯರ್‌ಬಾರ್ನಿಗೆ ಕರೆಸಿಕೊಂಡು, 1926ರಲ್ಲಿ ಹಳೆಯ ಕುಣಿತಗಳ ಪುಸ್ತಕವನ್ನೇ ಅಚ್ಚು ಹಾಕಿಸಿದರು. ರುಬ್ಬುಗುಂಡನ್ನು ಮಾರಿ ಬಂದ ಮೇಲೆ ಚಟ್ನಿಗೆ ರುಚಿಯಿಲ್ಲ ಎಂದು ಗೊಣಗುವ ನನ್ನಂಥವರೇ ಅವರೂ.

ಎಲ್ಲಿಗೋ ಹೋದೆ. ಹೆಂಡತಿ ಬೆವರು ಒರೆಸುತ್ತ ಬಂದು ಪಕ್ಕದಲ್ಲಿ ಕೂತಳು. ಕಾರಿನಲ್ಲಿ ವಾಪಸು ಬರುವಾಗ ಈ ಪ್ಲೇ ಪಾರ್ಟಿಯ ಕಥೆ ಹೇಳಿದೆ. ಪಾಪ, ಪುಣ್ಯ, ಪಿಟೀಲು, ಯಾವುದೂ ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಜಾಗ ಸಾಲದೆ ಮೇಜು, ಕುರ್ಚಿಗಳನ್ನು ಅಂಗಳಕ್ಕೆ ಸಾಗಿಸಿ ನಡುಮನೆ ಖಾಲಿ ಮಾಡುತ್ತಿದ್ದರಂತೆ ಎಂದಾಗ ಮಾತ್ರ ನೆಟ್ಟಗೆ ಕೂತಳು. ಜೋಳದ ಹೊಲ ಕತ್ತಲಲ್ಲಿ ಎರಡು ಮೈಲಿ ಹಿಂದೆ ಸರಿಯುವವರೆಗೂ ಮಾತಿಲ್ಲ. ಆಮೇಲೆ ಎಂದಳು:

"ನಮ್ಮನೇಲಿ ದಿವಾನ್ ಕಾಟನ್ನ ಮಹಡಿ ಮೆಟ್ಟಿಲ ಕೆಳಗೆ ತಳ್ಳಬಹುದು ರೀ. ಆ ಗಾಡ್ರೆಜ್ ಬೀರು ಒಂದೇ ಯೋಚನೆ."