ರೀಲ್ಸಿಗೆ ಬಿದ್ದ ಬುಗುರಿ

ಚನ್ನಪಟ್ಟಣ. ಅಪ್ಪ ಲೇತ್ ಮುಂದೆ, ಮಗ ಮೊಬೈಲ್ ಹಿಂದೆ.

"ಅಪ್ಪ, ಸೋಮವಾರ ರೀಲ್ಸು, ಬುಧವಾರ ಫೋಟೊ, ಶುಕ್ರವಾರ ಲೈವು. ಒಂದು ತಿಂಗಳು ಪ್ರಯೋಗ."

"ಬುಗುರಿ ಮಾಡೋದು ಯಾವ ವಾರ?"

"ಮೊದಲ ಮೂರು ಸೆಕೆಂಡಲ್ಲೇ ಜನರನ್ನ ಹಿಡೀಬೇಕು."

"ಆಲೆಮರ ಒಣಗೋಕೇ ತಿಂಗಳುಗಟ್ಟಲೆ ಬೇಕಲ್ಲೋ!"

"ಅದನ್ನೆಲ್ಲ ಕತ್ತರಿಸ್ತೀನಿ. ತಿರುಗೋ ಬುಗುರಿಗೆ ಅರಗಿನ ಕಡ್ಡಿ ಒತ್ತಿ, ತಾಳೆಗರಿ ಉಜ್ಜಿದಾಗ ಫಳಫಳ ಅನ್ನುತ್ತಲ್ಲ, ಅಷ್ಟು ಸಾಕು. ಪಕ್ಕದಲ್ಲಿ ನೀನು ಒಸಿ ಕುಣಿ."

"2005–06ರಲ್ಲಿ ನಮ್ಮೂರ ಆಟಿಕೆಗೆ ಜಿಐ ಟ್ಯಾಗ್ ಬಂದಾಗಲೂ ನನ್ನನ್ನ ಯಾರೂ ಕುಣಿಸಲಿಲ್ಲ ಕಣೋ."

ತಿಂಗಳು ಕಳೆಯಿತು.

"ಲಕ್ಷ ಜನ ನೋಡಿದ್ರು, ಅಪ್ಪ!"

"ಬುಗುರಿ ಎಷ್ಟು ಹೋದ್ವು?"

"ಎರಡು. ಒಂದು ಅತ್ತೆ ತಗೊಂಡ್ರು."

"ಇನ್ನೊಂದು?"

"ಮುಂದಿನ ರೀಲ್ಸಿಗೆ ಅಂತ ನಾನೇ ತಗೊಂಡೆ. ಸಾಲ ಬರ್ಕೊ."