ಸಕ್ಕರೆಯಿಲ್ಲದ ರಾಯರು

ಸಂಜೆಯ ಹೊತ್ತು ಗಾಂಧಿಬಜಾರಿನ ಯಾವುದಾದರೊಂದು ಹೋಟೆಲಿನ ಬಾಗಿಲಲ್ಲಿ, ಕೊರಳಿಗೆ ಮಫ್ಲರು ಸುತ್ತಿ, ಕಂಕುಳಲ್ಲಿ ಬಟ್ಟೆಯ ಚೀಲವನ್ನಿಟ್ಟು, “ಕಾಫಿಗೆ ಸಕ್ಕರೆ ಹಾಕಬೇಡಪ್ಪಾ!” ಎಂದು ಬೀದಿಗೆಲ್ಲ ಕೇಳುವಂತೆ ಘೋಷಿಸುವ ಮಹನೀಯರೊಬ್ಬರು ಕಂಡರೆ, ಅವರೇ ನಮ್ಮ ರಾಯರೆಂದು ತಿಳಿಯತಕ್ಕದ್ದು. ಮಧುಮೇಹವನ್ನು ಅವರು ವ್ಯಾಧಿಯಾಗಿ ಅನುಭವಿಸಿದ್ದಕ್ಕಿಂತ ಶಾಸ್ತ್ರವಾಗಿ ವ್ಯಾಸಂಗ ಮಾಡಿದ್ದೇ ಹೆಚ್ಚು.

ಮುಂಜಾನೆ ಲಾಲ್‌ಬಾಗಿನ ಬಾಗಿಲಲ್ಲಿ ಮುಖ ಕಿವುಚಿಕೊಂಡು ಕುಡಿದ ಹಾಗಲಕಾಯಿ ರಸದ ಪುಣ್ಯವು ಸಂಜೆಯ ವ್ಯಯಕ್ಕೆ ಸಾಲುವುದೋ ಇಲ್ಲವೋ ಎಂದು ಕ್ಷಣಕಾಲ ಗಣಿಸಿ, ಆಲೂಗಡ್ಡೆಯು ವೈದ್ಯನಿಷಿದ್ಧವಾದುದರಿಂದ ಬೋಂಡವನ್ನು ನಿಟ್ಟುಸಿರಿನೊಡನೆ ತ್ಯಜಿಸಿ, ಹೀರೆಕಾಯಿ ತರಕಾರಿಯಷ್ಟೆ ಎಂಬ ಸಮಾಧಾನದಿಂದ ಒಂದು ಪ್ಲೇಟು, ಮೆಣಸಿನಕಾಯಿಯಲ್ಲಿ ಸಿಹಿಯ ಸುಳಿವೇ ಇಲ್ಲವೆಂಬ ತರ್ಕದಿಂದ ಇನ್ನೊಂದು ಪ್ಲೇಟು ಬಜ್ಜಿಯನ್ನು ಅವರು ತರಿಸುವರು. ತರುವಾಯ ಚೀಲದಿಂದ ಹಳೆಯ ಪತ್ರಿಕೆಯನ್ನು ತೆಗೆದು, ಹಾಳೆಯ ನಡುವೆ ಬಜ್ಜಿಯನ್ನಿಟ್ಟು ಅಂಗೈಯಿಂದ ಒತ್ತಿ, ಜಿಡ್ಡು ಹೀರಿ ಪಾರದರ್ಶಕವಾದ ಸಂಪಾದಕೀಯವನ್ನು ದೀಪಕ್ಕೆ ಹಿಡಿದು, “ನೋಡಿ, ಎಣ್ಣೆಯೆಲ್ಲ ಇಲ್ಲಿಯೇ ಉಳಿಯಿತು” ಎನ್ನುವರು. ಅಚ್ಚಿನ ಮಸಿ ಬಜ್ಜಿಗೆ ಹತ್ತಿದ ಸಂಗತಿಯನ್ನು ಎತ್ತುವ ಧೈರ್ಯ ನನಗಿಲ್ಲ.

ಕಡಲೆಹಿಟ್ಟು ಅಕ್ಕಿಯಷ್ಟು ಅವಸರದಿಂದ ರಕ್ತದ ಸಕ್ಕರೆಯನ್ನು ಏರಿಸದೆಂಬುದು ಅವರ ವಾದ. ಅದು ದಿಟವೂ ಹೌದು. ತಿಂದು 2 ಗಂಟೆಯಾಗುತ್ತಲೇ ಬೆರಳು ಚುಚ್ಚಿ, ಗ್ಲೂಕೋಮೀಟರಿನಲ್ಲಿ 138 ಎಂಬ ಅಂಕಿ ಮೂಡಿದೊಡನೆ ಮನೆಮಂದಿಯನ್ನೆಲ್ಲ ಕೂಗಿ ತೋರಿಸುವರು. ಆದರೆ ಕರಿದ ಪದಾರ್ಥದ ಜಿಡ್ಡು ಜಠರವು ಬರಿದಾಗುವುದನ್ನು ತಡೆಹಿಡಿಯುವುದರಿಂದ, ಬಜ್ಜಿಯ ಪಾಲಿನ ಸಕ್ಕರೆ ಬಹುಮಟ್ಟಿಗೆ ತಡವಾಗಿ, ಅಂದರೆ ರಾಯರು ಎರಡು ಒಣ ಚಪಾತಿಯ ಮುಂದೆ ವಿರಕ್ತಮುಖದಿಂದ ಕುಳಿತ ವೇಳೆಗೆ, ಮೇಲೇರತೊಡಗುವುದು. ಮಲಗುವ ಮುನ್ನ ಮತ್ತೆ ಚುಚ್ಚಿ ನೋಡಿದಾಗ ಕಂಡ ಅಂಕಿಯ ಅಪರಾಧವೆಲ್ಲ ಆ ಬಡ ಚಪಾತಿಯ ತಲೆಗೆ.

ಎಚ್‌ಬಿಎ1ಸಿ ಎಂಬ ಪರೀಕ್ಷೆಯೊಂದಕ್ಕೆ ಮಾತ್ರ ಅವರು ಅಂಜುವರು. ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನಳೆದು ಹಿಂದಿನ ಎರಡು ಮೂರು ತಿಂಗಳ ಬಂಡವಾಳವನ್ನೇ ಅದು ಬಯಲಿಗಿಡುವುದಷ್ಟೆ. ಪರೀಕ್ಷೆಗೆ ವಾರವಿರುವಾಗ ಬಾಣಲೆಯ ವಾಸನೆ ಬಾರದ ಬೀದಿಗಳಲ್ಲಿಯೇ ಸುತ್ತಿ ಬಳಸಿ ಸಂಚರಿಸುವ ರಾಯರು, 8.4 ಎಂಬ ಫಲಿತಾಂಶವನ್ನು ಕಂಡು, “ಡಾಕ್ಟರೇ, ಕೊನೆಯ ವಾರವನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ ತಾನೆ?” ಎಂದು ಅತ್ಯಂತ ವಿನಯದಿಂದ ಪ್ರಶ್ನಿಸುವರು. ವೈದ್ಯರು ಮಾತನಾಡದೆ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿ ಬರೆದುಕೊಟ್ಟರೆ, ಚೀಟಿಯನ್ನು ಕನ್ನಡಕದ ಕೆಳಗಿಂದ ಮೇಲಕ್ಕೂ ಮೇಲಿಂದ ಕೆಳಕ್ಕೂ ಪರಿಶೀಲಿಸಿ, “ಬೆಳಗಿನ ತಿಂಡಿಗಾಯಿತು, ರಾತ್ರಿಯ ಊಟಕ್ಕಾಯಿತು, ಸಾಯಂಕಾಲದ್ದಕ್ಕೆ ತಾವು ಏನೂ ಬರೆಯಲಿಲ್ಲವಲ್ಲ?” ಎನ್ನುವರು.